‘ಮೂಲದಲ್ಲಿ ಓದಿದೆ’ ಎಂಬ ಮಾತು

ಸಾಹಿತ್ಯ ಚರ್ಚೆಗಳಲ್ಲಿ ‘ಆ ಕೃತಿಯನ್ನು ನಾನು ಮೂಲದಲ್ಲಿಯೇ ಓದಿದ್ದೇನೆ’ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇಂಗ್ಲಿಷಿನ ‘ಇನ್ ದಿ ಒರಿಜಿನಲ್’ ಎಂಬ ನುಡಿಗಟ್ಟು ಇಲ್ಲಿ ಕನ್ನಡದ ಉಡುಗೆ ತೊಟ್ಟಂತಿದೆ. ಆ ಮಾತಿನಲ್ಲಿ ಹೆಮ್ಮೆ ಧ್ವನಿಸುವಷ್ಟು ವಿವರ ದೊರೆಯುವುದಿಲ್ಲ. ಮೂಲವೆಂದರೆ ಯಾವ ಭಾಷೆ, ಅದಕ್ಕೂ ನಮಗೂ ನಡುವೆ ಸೇತುವಾದವರು ಯಾರು ಎಂಬುದು ಮರೆಯಾಗಿಯೇ ಉಳಿಯುತ್ತದೆ.

ಡಿ.ವಿ.ಜಿ.ಯವರ ‘ಉಮರನ ಒಸಗೆ’ಯನ್ನು ನೋಡೋಣ. ಉಮರ್ ಖಯ್ಯಾಮನ ಭಾಷೆ ಪಾರಸಿ. ಕನ್ನಡ ಕೃತಿಗೆ ಆಧಾರವಾದುದು 1859ರಲ್ಲಿ ಮೊದಲು ಪ್ರಕಟವಾದ ಫಿಟ್ಜೆರಾಲ್ಡನ ಇಂಗ್ಲಿಷ್ ಅನುವಾದ. ಇಲ್ಲಿ ‘ಮೂಲ’ ಯಾವುದು? ‘ಪಾರಸಿಯಲ್ಲಿ ಓದಿದೆ’, ‘ಇಂಗ್ಲಿಷಿನ ಮೂಲಕ ಓದಿದೆ’ ಎಂದು ಭಾಷೆಯನ್ನು ಹೆಸರಿಸಿದರೆ ಗೊಂದಲ ತಾನಾಗಿ ಕಳೆಯುತ್ತದೆ.

ಮಧೂರಿನಂಥ ಊರಿನಲ್ಲಿ ಈ ವಿವೇಕಕ್ಕೆ ಇನ್ನಷ್ಟು ಬೆಲೆಯುಂಟು. ಕುಮಾರನ್ ಆಶಾನರ 1907ರ ಪ್ರಸಿದ್ಧ ಕಾವ್ಯ ‘ವೀಣ ಪೂವು’. ಮಲಯಾಳ ಅರಿಯದ ಕನ್ನಡಿಗನಿಗೆ ಈ ಹೆಸರಿನಲ್ಲಿ ವೀಣೆಯ ನಾದ ಕೇಳಿಸೀತು. ಪೇಟೆಯಲ್ಲಿ ದಿನವೂ ಮಲಯಾಳ ಕೇಳುವ ನಮಗೆ ಅದು ‘ಬಿದ್ದ ಹೂವು’ ಎಂದು ಒಡನೆ ತಿಳಿಯುತ್ತದೆ. ಹಳಗನ್ನಡದ ‘ಪೂ’ ಕೂಡ ನೆನಪಿಗೆ ಬರುತ್ತದೆ. ಕಯ್ಯಾರ ಕಿಞ್ಞಣ್ಣ ರೈಗಳು ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು. ಎರಡು ಭಾಷೆಗಳ ಪುಟಗಳನ್ನು ಎದುರಿಗಿಟ್ಟು ತೂಗಬಲ್ಲ ಓದುಗರು ಈ ನೆಲದಲ್ಲಿದ್ದಾರೆ. ಅನುವಾದ ವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಸಿದ್ಧತೆ ಬೇರೆಲ್ಲಿ ಸಿಗಬೇಕು?

ಆದರೆ ನಮ್ಮ ಚಿಂತೆ ಇನ್ನೊಂದು ದಿಕ್ಕಿನದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಕನ್ನಡದ ಓದು ಮನೆಮನೆಗಳಲ್ಲಿ ಉಳಿದುಬಂತು. ಇಂದು ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿಗೆ ಅನಂತಮೂರ್ತಿಯವರ ‘ಸಂಸ್ಕಾರ’ವೂ ಎ.ಕೆ. ರಾಮಾನುಜನ್ ಅವರ 1976ರ ಇಂಗ್ಲಿಷ್ ಅನುವಾದದಲ್ಲಿಯೇ ಮೊದಲು ದೊರೆಯಬಹುದು. ಅದು ಮಾನ್ಯವಾದ ಅನುವಾದ. ಹಾಗೆ ಓದುವವರನ್ನು ಹಳಿಯುವುದು ಸಲ್ಲದು. ಆದರೂ ಶವಸಂಸ್ಕಾರ, ನಡೆನುಡಿಯ ಸಂಸ್ಕಾರ ಎರಡನ್ನೂ ಒಳಗೊಂಡ ಆ ಹೆಸರನ್ನು ಅನುವಾದಕರೂ ಹಾಗೆಯೇ ಉಳಿಸಿಕೊಂಡರೆಂಬುದು ಗಮನಾರ್ಹ. ಇಂಗ್ಲಿಷ್ ಓದುಗರಿಗೆ ವಿವರಣೆ ಬೇಕಾಗುವ ಆ ಪದ ನಮ್ಮ ಮಕ್ಕಳಿಗೆ ಅಜ್ಜಿಯ ಬಾಯಿಂದಲೇ ಪರಿಚಿತ.

ಕನ್ನಡವೇ ಅವರ ಪಾಲಿಗೆ ದೂರದ ‘ಮೂಲ’ವಾಗಬಾರದು. ಸಂಘದ ಓದುಕೂಟಗಳಲ್ಲಿ ಕೃತಿಯ ಜೊತೆಗೆ ಭಾಷೆಯನ್ನೂ ಅನುವಾದಕರನ್ನೂ ಹೆಸರಿಸುವ ರೂಢಿ ಬೆಳೆಯಲಿ. ಇಂಗ್ಲಿಷ್ ಪ್ರತಿ ಹಿಡಿದು ಬರುವ ಎಳೆಯರ ಮುಂದೆ ಕನ್ನಡದ ಒಂದು ಅಧ್ಯಾಯವನ್ನಾದರೂ ಗಟ್ಟಿಯಾಗಿ ಓದುವ ಹೊಣೆಯನ್ನು ಹಿರಿಯರಾದ ನಾವು ವಹಿಸಿಕೊಳ್ಳೋಣ.