ಓಡುವಾಗ ವಾಚು ಎಣಿಸುವುದು ಏನನ್ನು?

ಪಕ್ಕದವರೊಂದಿಗೆ ಸಲೀಸಾಗಿ ಮಾತಾಡುತ್ತ ಓಡುತ್ತಿರುವ ಐವತ್ತೈದರ ಒಬ್ಬರ ವಾಚು ನಿಮಿಷಕ್ಕೆ 172 ಎದೆಬಡಿತ ತೋರಿಸುತ್ತಿದೆ ಎನ್ನಿ. ನಂಬಬೇಕಾದದ್ದು ಅವರ ಮಾತನ್ನು. ಆ ವಯಸ್ಸಿನಲ್ಲಿ ಎದೆ ಅಷ್ಟು ಬಿರುಸಾಗಿ ಬಡಿಯುತ್ತಿದ್ದರೆ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಏದುಸಿರು ಬರಬೇಕಿತ್ತು. ಹಾಗಾದರೆ 172 ಎಲ್ಲಿಂದ ಬಂತು? ಬಹುಮಟ್ಟಿಗೆ ಕಾಲಿನಿಂದ. ಓಟಗಾರರಲ್ಲಿ ಹಲವರು ನಿಮಿಷಕ್ಕೆ 160ರಿಂದ 180 ಹೆಜ್ಜೆ ಹಾಕುತ್ತಾರೆ. ವಾಚು ಹೃದಯವನ್ನು ಬಿಟ್ಟು ಹೆಜ್ಜೆ ಎಣಿಸತೊಡಗಿದೆ. ಓಟಗಾರರ ನಡುವೆ ಇದಕ್ಕೆ ‘ಕೇಡೆನ್ಸ್ ಲಾಕ್’ ಎಂಬ ಹೆಸರೇ ಇದೆ.

ವಾಚಿನ ಬೆನ್ನಲ್ಲಿ ಮಿನುಗುವ ಹಸಿರು ಬೆಳಕಿನ ಕೆಲಸ ತಿಳಿದರೆ ಈ ತಪ್ಪು ವಿಚಿತ್ರವೆನಿಸುವುದಿಲ್ಲ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೆಲ್ಲ ಚರ್ಮದಡಿಯ ಸಣ್ಣ ನಾಳಗಳಲ್ಲಿ ರಕ್ತ ಉಕ್ಕುತ್ತದೆ, ಮರಳಿ ಬರುವ ಬೆಳಕು ಒಂದಿಷ್ಟು ಕುಗ್ಗುತ್ತದೆ. ಆ ಏರಿಳಿತವನ್ನು ಎಣಿಸಿದರೆ ನಾಡಿ ಸಿಗುತ್ತದೆ. ಕೂತಿದ್ದಾಗ ಇದು ಸೊಗಸಾಗಿ ನಡೆಯುತ್ತದೆ. ಓಡತೊಡಗಿದರೆ ಕೈ ಬೀಸುತ್ತದೆ, ವಾಚು ಚರ್ಮದ ಮೇಲೆ ಕುಣಿಯುತ್ತದೆ, ಒಳಗಿನ ರಕ್ತವೂ ಹೆಜ್ಜೆಯ ಏಟಿಗೆ ತುಳುಕುತ್ತದೆ. ಅಲುಗಾಟ ಅಳೆಯುವ ಇನ್ನೊಂದು ಸಂವೇದಕವೂ ವಾಚಿನಲ್ಲಿದೆ. ಅದು ಹೇಳಿದಷ್ಟನ್ನು ಕಳೆದು ಉಳಿದದ್ದೇ ನಾಡಿ ಎಂದು ತಂತ್ರಾಂಶ ಊಹಿಸುತ್ತದೆ. ಆದರೆ ಹೆಜ್ಜೆಯೂ ನಾಡಿಯೂ ಹತ್ತಿರದ ವೇಗದಲ್ಲಿದ್ದರೆ, ಒಂದೇ ಲಯದಲ್ಲಿ ಬಾರಿಸುವ ಎರಡು ತಮಟೆಗಳಂತೆ, ಯಾವುದು ಯಾರದ್ದೆಂದು ಬಿಡಿಸುವುದು ಕಷ್ಟ.

ಓಟವೊಂದೇ ಅಲ್ಲ. ಸೂರ್ಯನಮಸ್ಕಾರ, ದಂಡ, ಡಂಬೆಲ್ ಎತ್ತುವುದು, ಸೈಕಲ್ಲಿನ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುವುದು, ಇವೆಲ್ಲ ಮಣಿಕಟ್ಟನ್ನು ಮಡಿಸುವ ಅಥವಾ ಅಲ್ಲಿನ ಸ್ನಾಯುರಜ್ಜುಗಳನ್ನು ಸೆಟೆಸುವ ಕೆಲಸಗಳು. ಬೆಳಕಿಗೂ ಚರ್ಮಕ್ಕೂ ನಡುವಿನ ಹೊಂದಿಕೆ ಆಗ ಕೆಡುತ್ತದೆ. ಚಳಿಯ ಮುಂಜಾನೆ ಚರ್ಮದ ನಾಳಗಳು ಸಂಕುಚಿಸಿರುವುದರಿಂದ, ಮೈ ಬೆಚ್ಚಗಾಗುವವರೆಗೆ ಸಂಖ್ಯೆ ಎತ್ತೆತ್ತಲೋ ಜಿಗಿಯಬಹುದು. ಅರ್ಧ ನಿಮಿಷ ಜೋರಾಗಿ ಓಡಿ ಮತ್ತೆ ನಡೆಯುವ ಅಭ್ಯಾಸದಲ್ಲಂತೂ ವಾಚು ಹಿಂದೆ ಬೀಳುತ್ತದೆ. ಕೆಲವು ಸೆಕೆಂಡುಗಳ ಸರಾಸರಿ ತೆಗೆದು ತೋರಿಸುವುದರಿಂದ ಏರಿಕೆ ತಡವಾಗಿ ಕಾಣುತ್ತದೆ, ತುದಿ ಕಾಣದೆಯೇ ಹೋಗುತ್ತದೆ.

ಅಳೆದು ನೋಡಿದವರ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು 50 ಮಂದಿಯನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ, ವಾಚುಗಳನ್ನು ಇಸಿಜಿಯೊಂದಿಗೆ ಹೋಲಿಸಿದರು. ಎದೆಗೆ ಕಟ್ಟುವ ಪಟ್ಟಿ ಇಸಿಜಿಗೆ 0.99ರಷ್ಟು ಹೊಂದಿತು, ಪೂರ್ಣ ಹೊಂದಿಕೆಯೆಂದರೆ 1. ಮಣಿಕಟ್ಟಿನ ನಾಲ್ಕು ಸಾಧನಗಳು 0.83ರಿಂದ 0.91ರ ನಡುವೆ ನಿಂತವು. 2017ರ ಸ್ಟ್ಯಾನ್‌ಫರ್ಡ್ ಅಧ್ಯಯನ ಇಷ್ಟು ಕಟುವಾಗಿಲ್ಲ: ಅಲ್ಲಿ 7 ಸಾಧನಗಳಲ್ಲಿ 6 ನಾಡಿಯನ್ನು ಶೇ. 5ಕ್ಕಿಂತ ಕಡಿಮೆ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯ ವಿಷಯದಲ್ಲಿ ಮಾತ್ರ ಎಲ್ಲವೂ ಸೋತವು. ಅತ್ಯುತ್ತಮವಾದದ್ದೇ ಸರಾಸರಿ ಶೇ. 27ರಷ್ಟು ತಪ್ಪಿತು, ಅತಿ ಕಳಪೆಯದು ಶೇ. 93ರಷ್ಟು. ಕಪ್ಪು ಚರ್ಮಕ್ಕೆ ವಾಚು ಹೆಚ್ಚು ತಪ್ಪುತ್ತದೆಯೇ ಎಂಬ ಪ್ರಶ್ನೆ ನಮ್ಮವರಿಗೆ ಮುಖ್ಯವಾದದ್ದು. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು 53 ಜನರಲ್ಲಿ ಪರೀಕ್ಷಿಸಿದಾಗ ಚರ್ಮದ ಬಣ್ಣದಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಂಡದ್ದು ಚಟುವಟಿಕೆಯ ವ್ಯತ್ಯಾಸ: ವಿಶ್ರಾಂತಿಗೆ ಹೋಲಿಸಿದರೆ ಆಗ ತಪ್ಪು ಸರಾಸರಿ ಶೇ. 30ರಷ್ಟು ಹೆಚ್ಚು.

ಅಳತೆಯ ಸಾಧನ ತಪ್ಪುವುದನ್ನು ನಾನು ಕ್ಷಮಿಸಬಲ್ಲೆ. ತಪ್ಪುತ್ತಿರುವಾಗಲೂ ಅದು ತೋರುವ ನಿಶ್ಚಯವನ್ನು ಕ್ಷಮಿಸಲಾರೆ. ಸಂಕೇತ ಮಸುಕಾಗಿದೆ ಎಂಬುದು ಒಳಗಿನ ತಂತ್ರಾಂಶಕ್ಕೆ ಎಷ್ಟೋ ಸಲ ಗೊತ್ತಿರುತ್ತದೆ. ಆದರೂ ಪರದೆಯ ಮೇಲೆ ಬರುವುದು ಒಂದು ದೃಢವಾದ ಸಂಖ್ಯೆ. ಆ ಸಂಖ್ಯೆಯ ಮೇಲೆ ಬಣ್ಣಬಣ್ಣದ ವಲಯಗಳು, ಕರಗಿದ ಕೊಬ್ಬಿನ ಲೆಕ್ಕ, ನಾಳೆ ಎಷ್ಟು ವಿಶ್ರಾಂತಿ ಬೇಕೆಂಬ ಸಲಹೆ, ಹೀಗೆ ಅಂತಸ್ತಿನ ಮೇಲೆ ಅಂತಸ್ತು ಏಳುತ್ತದೆ. ವಲಯಗಳಿಗೂ ಬುನಾದಿ ಗಟ್ಟಿಯಲ್ಲ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ ಎಂಬ ಹಳೆಯ ಸೂತ್ರ ಒಬ್ಬೊಬ್ಬ ವ್ಯಕ್ತಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ನುಂಗುವವರ ಎದೆಬಡಿತವನ್ನು ಆ ಮಾತ್ರೆಯೇ ತಗ್ಗಿಸಿರುತ್ತದೆ. ಅವರು ವಾಚಿನ ವಲಯ ಮುಟ್ಟಲು ಹೊರಟರೆ ಅನಗತ್ಯವಾಗಿ ದಣಿಯುತ್ತಾರೆ.

ವಾಚನ್ನು ಬಿಸಾಡಿ ಎನ್ನುವವನಲ್ಲ ನಾನು. ನಿದ್ದೆಯ ನಾಡಿ, ಬೆಳಗಿನ ವಿಶ್ರಾಂತಿಯ ನಾಡಿ, ತಿಂಗಳುಗಳಲ್ಲಿ ಅದು ಏರಿತೋ ಇಳಿಯಿತೋ ಎಂಬ ಚಿತ್ರ ಇದರಷ್ಟು ಸುಲಭವಾಗಿ ಹಿಂದೆಂದೂ ಸಿಗುತ್ತಿರಲಿಲ್ಲ. 4 ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಆ್ಯಪಲ್ ಹೃದಯ ಅಧ್ಯಯನ ಲಯ ತಪ್ಪಿದ ನಾಡಿಯನ್ನು ಹುಡುಕಿದ್ದೂ ಇದೇ ಬೆಳಕಿನಿಂದ, ಆದರೆ ಕೈ ಅಲುಗದ ಹೊತ್ತಿನಲ್ಲಿ. ವ್ಯಾಯಾಮದ ಹೊತ್ತಿಗೆ ನಿಜವಾದ ಸಂಖ್ಯೆ ಬೇಕೆನ್ನುವವರು ಎದೆಪಟ್ಟಿ ಕೊಳ್ಳುವುದೇ ಸರಿ. ಫಿನ್ಲೆಂಡಿನ ಪೋಲಾರ್ ಸಂಸ್ಥೆ ನಿಸ್ತಂತು ಎದೆಪಟ್ಟಿಯನ್ನು 1982ರಲ್ಲೇ ಮಾರುಕಟ್ಟೆಗೆ ತಂದಿತ್ತು. ಅದು ಹೃದಯದ ವಿದ್ಯುತ್ತನ್ನೇ ಹಿಡಿಯುವುದರಿಂದ ಕೈ ಬೀಸಿದರೂ ಕೆಡುವುದಿಲ್ಲ. ಕಟ್ಟುವ ಮುನ್ನ ಒದ್ದೆ ಮಾಡಿಕೊಂಡರೆ ಸಾಕು. ವಾಚೇ ಗತಿ ಎನ್ನುವವರು ಅದನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲೆ ಬಿಗಿಯಾಗಿ ಕಟ್ಟಲಿ. ಅನುಮಾನ ಬಂದಾಗ ನಿಂತ ತಕ್ಷಣ ನಾಡಿ ಹಿಡಿದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಲಿ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣವಿದೆ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ಮತ್ತೆ 2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಬಂದಾಗ, ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಹೀಗೆ ಹೆದರಿದ ಮನಸ್ಸಿಗೆ ಸುಳ್ಳು 180 ಒಂದು ಹಿಂಸೆ. ಸುಳ್ಳು 110 ಅದಕ್ಕಿಂತ ಅಪಾಯ, ಏಕೆಂದರೆ ಅದು ಧೈರ್ಯ ಕೊಡುತ್ತದೆ. ಸಂಖ್ಯೆ ನಿಜವೇ ಆಗಿದ್ದರೂ ರಕ್ತನಾಳ ಕಟ್ಟಿಕೊಂಡಿದೆಯೇ ಎಂಬುದನ್ನು ನಾಡಿಯ ವೇಗ ಹೇಳಲಾರದು. ತಯಾರಕರು ಮಾಡಬೇಕಾದದ್ದು ಇಷ್ಟು: ಸಂಕೇತ ಸಿಗದಾಗ ಜಾಗ ಖಾಲಿ ಬಿಡಿ. ಓಡುವವರು, ಭಾರ ಎತ್ತುವವರು ಮಾಡಬೇಕಾದದ್ದು: ಎದೆಯಲ್ಲಿ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ತಲೆಸುತ್ತು, ಕಾರಣವಿಲ್ಲದ ತಣ್ಣನೆ ಬೆವರು ಕಂಡರೆ ವಾಚು ಏನೇ ಹೇಳಲಿ, ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.