ನಾಗವಲ್ಲಿಯ ಕೋಣೆಗೆ ಇನ್ನು ಬೀಗ ಹಾಕಬೇಕು

ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಿಗೆ ‘ಆಪ್ತಮಿತ್ರ’ ಚಿತ್ರದ ನರ್ತಕಿ ನಾಗವಲ್ಲಿಯ ತೆಲುಗು ಪರಭಾಷೆಯೇನಲ್ಲ. ಆಂಧ್ರದ ಗಡಿ ಪಕ್ಕದಲ್ಲೇ ಇದೆ, ಸಂತೆಯಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತದೆ. 2004ರ ಆಗಸ್ಟ್‌ನಲ್ಲಿ ‘ಆಪ್ತಮಿತ್ರ’ ತೆರೆಕಂಡಾಗ ಸೌಂದರ್ಯ ಇದ್ದಕ್ಕಿದ್ದಂತೆ ತೆಲುಗಿಗೆ ಹೊರಳಿದರೆ ಇಲ್ಲಿನವರಿಗೆ ಅರ್ಥ ಹೇಳುವವರು ಬೇಕಿರಲಿಲ್ಲ. ಆದರೂ ಮೈ ಜುಂ ಎಂದಿತು. ಮನೆಯವಳೇ ಅಪರಿಚಿತಳಾಗಿ ಎದುರು ನಿಲ್ಲುವ ಭಯ ಅದು.

ಭಾಷೆ ಬದಲಿಸಿ ಹೆದರಿಸುವ ಆ ಉಪಾಯದ ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’. ಮಧು ಮುಟ್ಟಂ ಬರೆದು ಫಾಝಿಲ್ ನಿರ್ದೇಶಿಸಿದ ಚಿತ್ರ. ಶೋಭನಾಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಅಲ್ಲಿ ನಾಗವಲ್ಲಿ ತಮಿಳಿನವಳು, ಕನ್ನಡಕ್ಕೆ ಬಂದಾಗ ತೆಲುಗಿನವಳಾದಳು, ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ ಬಂಗಾಳಿಯ ಮಂಜುಲಿಕಾ. ‘ಆಪ್ತಮಿತ್ರ’ದ ನಂತರ ಈ ಕಥೆಗೆ ಬಿಡುವೇ ಸಿಗಲಿಲ್ಲ. 2005ರಲ್ಲಿ ತಮಿಳಿನ ‘ಚಂದ್ರಮುಖಿ’, 2010ರಲ್ಲಿ ಕನ್ನಡದ ‘ಆಪ್ತರಕ್ಷಕ’, ಅದೇ ವರ್ಷದ ಕೊನೆಗೆ ತೆಲುಗಿನ ‘ನಾಗವಲ್ಲಿ’, 2022 ಮತ್ತು 2024ರಲ್ಲಿ ‘ಭೂಲ್ ಭುಲಯ್ಯಾ’ದ ಇನ್ನೆರಡು ಭಾಗಗಳು, ನಡುವೆ 2023ರಲ್ಲಿ ‘ಚಂದ್ರಮುಖಿ 2’. ಈ ಸರಣಿ ಇನ್ನೂ ಮುಂದುವರಿಯಬೇಕೇ?

ಮೊದಲು ‘ಆಪ್ತಮಿತ್ರ’ ಏನು ಸಾಧಿಸಿತ್ತು ಎಂದು ನೋಡಬೇಕು. ಸೌಂದರ್ಯ ಅಭಿನಯದ ಗಂಗಾ, ಒಮ್ಮೊಮ್ಮೆ ತಾನೇ ನಾಗವಲ್ಲಿಯಾಗುವವಳು, ಹೊರಗೆ ಹೋಗಲು ಸಿದ್ಧವಾಗಿದ್ದಾಳೆ, ಗಂಡ ಬೇಡ ಎನ್ನುತ್ತಾನೆ. ಮೊದಲು ಅವಳ ಮುಖದಲ್ಲಿ ಬರೀ ಮುನಿಸು. ಆಮೇಲೆ ಕಣ್ಣು ದೊಡ್ಡದಾಗುತ್ತದೆ, ದನಿ ಗಡುಸಾಗುತ್ತದೆ, ಕೈ ಮಂಚವನ್ನು ಎತ್ತುತ್ತದೆ. ಗ್ರಾಫಿಕ್ಸ್ ಇಲ್ಲ, ವಿಕಾರದ ಮೇಕಪ್ ಇಲ್ಲ. ಸೌಂದರ್ಯ ಅವರ ಮುಖವೇ ಎಲ್ಲವನ್ನೂ ಮಾಡುತ್ತದೆ. ನೋಡುತ್ತಿರುವ ಗಂಡ, ರಮೇಶ್ ಅರವಿಂದ್, ಹೆದರುವುದಕ್ಕಿಂತ ಹೆಚ್ಚಾಗಿ ಕುಸಿದುಹೋಗುತ್ತಾನೆ. ಮನೋವೈದ್ಯ ವಿಜಯ್ ಆಗಿ ವಿಷ್ಣುವರ್ಧನ್ ಇದು ಕಾಯಿಲೆ ಎನ್ನುತ್ತಾರೆ. ಹಾಗೆಂದು ಅವಿನಾಶ್ ಅವರ ಆಚಾರ್ಯರನ್ನು ಮನೆಯಿಂದ ಓಡಿಸುವುದಿಲ್ಲ. ಹೋಮ, ಮಂತ್ರ, ರಂಗೋಲಿ ಎಲ್ಲವನ್ನೂ ಚಿಕಿತ್ಸೆಯ ರಂಗಸಜ್ಜಿಕೆಯಾಗಿ ಬಳಸಿಕೊಳ್ಳುತ್ತಾರೆ. ಗಂಗಾಳ ಒಳಗಿನ ನಾಗವಲ್ಲಿಯ ಸೇಡು ತೀರಲೆಂದು ಕೊನೆಗಳಿಗೆಯಲ್ಲಿ ಅವಳ ವೈರಿ ರಾಜನ ಜಾಗಕ್ಕೆ ಬೊಂಬೆ ಬರುತ್ತದೆ. ದೆವ್ವವಿಲ್ಲ ಎಂದು ಗೊತ್ತಾದ ಮೇಲೂ ಭಯ ಉಳಿದಿರುತ್ತದೆ, ಅದರ ಜೊತೆಗೆ ಕರುಣೆಯೂ ಸೇರಿರುತ್ತದೆ. ಕನ್ನಡದ ಮುಖ್ಯವಾಹಿನಿಯಲ್ಲಿ ಇಷ್ಟು ಕಷ್ಟದ ಹದ ಹಿಡಿದ ಭಯದ ಚಿತ್ರ ಇನ್ನೊಂದು ನೆನಪಾಗುವುದಿಲ್ಲ. ಚಿತ್ರ ಬಿಡುಗಡೆಯಾಗುವ ಮೊದಲೇ, 2004ರ ಏಪ್ರಿಲ್ 17ರಂದು, ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು.

‘ಆಪ್ತರಕ್ಷಕ’ದ ವೇಳೆಗೆ ಈ ಹದ ಕೆಟ್ಟಿತು. ನಿರ್ದೇಶಕರು ಅದೇ ಪಿ. ವಾಸು, ವೈದ್ಯರು ಅದೇ ವಿಜಯ್. ಈ ಬಾರಿ ನಾಗವಲ್ಲಿಯ ವರ್ಣಚಿತ್ರ ಮನೆಯಿಂದ ಮನೆಗೆ ಅನಾಹುತ ಹೊತ್ತು ತರುತ್ತದೆ, ಮನೆಗೆ ದೊಡ್ಡ ಹಾವು ಬರುತ್ತದೆ, ಎಂದೋ ಸತ್ತಿರಬೇಕಾದ ರಾಜ ವಿಜಯ ರಾಜೇಂದ್ರ ಬಹದ್ದೂರ್ ಇನ್ನೂ ಬದುಕಿರುತ್ತಾನೆ! ‘ಹೌಲ ಹೌಲ’ ಎಂದು ಗಹಗಹಿಸುವ ಆ ರಾಜನಾಗಿ ವಿಷ್ಣುವರ್ಧನ್ ತೆರೆಯನ್ನೇ ತುಂಬಿಕೊಳ್ಳುತ್ತಾರೆ, ಆ ಪಾತ್ರವನ್ನು ಮತ್ತೆ ಮತ್ತೆ ನೋಡಬಹುದು. ಆದರೆ ರಾಜ ನಿಜವಾಗಿಯೂ ಬದುಕಿದ್ದಾನೆ ಎಂದಾದ ಮೇಲೆ ವೈದ್ಯನಿಗೇನು ಕೆಲಸ? ಮೊದಲ ಚಿತ್ರ ಒಬ್ಬ ಹೆಣ್ಣಿನ ಮನಸ್ಸಿನೊಳಗೆ ಹುಡುಕಿದ್ದನ್ನು ಎರಡನೆಯದು ಗುಹೆ, ಕೋಟೆಗಳಲ್ಲಿ ಹುಡುಕಿತು. ಹಿಂದಿಯ ಎರಡನೇ ಭಾಗವೂ ದೆವ್ವವನ್ನು ನಿಜವೆಂದೇ ಒಪ್ಪಿಕೊಂಡು ಹೊರಟಿತು. ‘ಚಂದ್ರಮುಖಿ 2’ರಲ್ಲಿ ಹೊಸ ನಟರು, ದೊಡ್ಡ ಸೆಟ್, ಹಳೆಯ ಕಥೆ, ಅದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ.

ಹಾಲಿವುಡ್ಡಿನ ‘ಏಲಿಯನ್’ ಸರಣಿಗೂ ಇದೇ ಗತಿಯಾಯಿತು. 1979ರಲ್ಲಿ ರಿಡ್ಲಿ ಸ್ಕಾಟ್ ಅನ್ಯಗ್ರಹದ ಆ ಜೀವಿಯನ್ನು ಕೆಲವೇ ನಿಮಿಷ ತೋರಿಸಿ, ಉಳಿದದ್ದನ್ನು ಕತ್ತಲೆಗೆ ಬಿಟ್ಟರು. 1992ರ ಮೂರನೇ ಚಿತ್ರದಲ್ಲಿ ನಾಯಕಿ ರಿಪ್ಲಿ ಪ್ರಾಣ ಬಿಟ್ಟಳು. 1997ರಲ್ಲಿ ಕ್ಲೋನಿಂಗ್ ನೆಪದಲ್ಲಿ ಅವಳನ್ನು ಎಬ್ಬಿಸಿ ಕೂರಿಸಿದರು. 2012ರ ‘ಪ್ರೊಮಿಥಿಯಸ್’ ಮತ್ತು 2017ರ ‘ಕವನೆಂಟ್’ ಜೀವಿಯ ಹುಟ್ಟಿನ ಕಥೆ ಹೇಳಲು ಕೂತವು. ವಿವರಣೆ ಹೆಚ್ಚಾದಷ್ಟೂ ಭಯ ಕರಗಿತು. 2024ರ ‘ರೋಮುಲಸ್’ ಇಕ್ಕಟ್ಟಿನ ನೌಕೆಗೂ ಕತ್ತಲೆಗೂ ಮರಳಿ ಒಂದಿಷ್ಟು ಚೇತರಿಸಿಕೊಂಡಿತಾದರೂ, 2020ರಲ್ಲಿ ತೀರಿಕೊಂಡಿದ್ದ ನಟ ಇಯಾನ್ ಹೋಮ್ ಅವರ ಮುಖವನ್ನು ಕಂಪ್ಯೂಟರಿನ ನೆರವಿನಿಂದ ಮತ್ತೆ ತಂದು ಕೂರಿಸಿತು. ಅದು ನೋಡಲು ಕಷ್ಟವಾಗುತ್ತದೆ.

ಕನ್ನಡಿಗರು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. ‘ಆಪ್ತರಕ್ಷಕ’ ವಿಷ್ಣುವರ್ಧನ್ ಅವರ 200ನೇ ಚಿತ್ರವೆಂದು ತೆರೆಗೆ ಬಂತು, 2010ರ ಫೆಬ್ರವರಿಯಲ್ಲಿ. ಅದನ್ನು ನೋಡಲು ಅವರಿರಲಿಲ್ಲ. 2009ರ ಡಿಸೆಂಬರ್ 30ರಂದೇ ಹೊರಟುಹೋಗಿದ್ದರು. ವೈದ್ಯ, ರಾಜ ಎರಡೂ ಅವರೇ ಆಗಿದ್ದರಿಂದ ಮೂರನೇ ಭಾಗಕ್ಕೆ ಕೈ ಹಾಕುವವರ ಮುಂದೆ ಎರಡೇ ದಾರಿ: ಬೇರೆ ನಟನಿಗೆ ಅವರ ಕೈಯ ಕಡಗ ತೊಡಿಸುವುದು, ಇಲ್ಲವೇ ಎಐ ಬಳಸಿ ಅವರನ್ನೇ ಎಬ್ಬಿಸುವುದು. ಎರಡೂ ಬೇಡ. ಎರಡನೆಯದಂತೂ ಅವರನ್ನು ಪ್ರೀತಿಸಿದವರಿಗೆ ಮಾಡುವ ಅವಮಾನ. ನಟ ಎಂದರೆ ಮುಖ ಮಾತ್ರವಲ್ಲ. ಆ ಗಳಿಗೆಯಲ್ಲಿ ಹುಬ್ಬು ಎಷ್ಟು ಏರಬೇಕು, ಎಲ್ಲಿ ಮಾತು ನಿಲ್ಲಿಸಬೇಕು ಎಂಬ ಅವನ ತೀರ್ಮಾನಗಳೂ ಅವನದೇ ಸೃಷ್ಟಿ, ಮತ್ತು ಅವನ್ನು ಈಗ ಮಾಡುವವರು ಯಾರು?

ಭಯದ ಚಿತ್ರ ಕನ್ನಡಕ್ಕೆ ಬೇಕೇ ಬೇಕು, ಅದರಲ್ಲೂ ವಿಜ್ಞಾನ ಮತ್ತು ನಂಬಿಕೆ ಮುಖಾಮುಖಿಯಾಗುವಂಥದ್ದು. ಅದಕ್ಕೆ ಹೊಸ ನೆಲ ಈ ಸೀಮೆಯಲ್ಲೇ ಇದೆ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲ್‌ನಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ 2017ರಿಂದ ಕೆಲಸ ಮಾಡುತ್ತಿದೆ. ಒಂದು ಕಾಲಕ್ಕೆ ಅಮೃತಮಹಲ್ ದನಗಳು ಮೇಯುತ್ತಿದ್ದ ಹುಲ್ಲುಗಾವಲಿಗೆ ಈಗ ಬೇಲಿ ಬಿದ್ದಿದೆ, ಮೇಲೆ ಪೈಲಟ್ ಇಲ್ಲದ ವಿಮಾನ ಹಾರುತ್ತದೆ. ಇದೇ ತಾಲ್ಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಗಡಿ ದಾಟಿ ಜನ ಬರುತ್ತಾರೆ. ಬೇಲಿಯ ಎರಡೂ ಕಡೆಯ ಬದುಕನ್ನು ಗೌರವದಿಂದ ನೋಡಿ ಕಥೆ ಹೆಣೆಯಬಲ್ಲ ಬರಹಗಾರನಿಗೆ ಹಾಳು ಅರಮನೆಯೂ ಬೇಡ, ಗೆಜ್ಜೆಯ ನರ್ತಕಿಯೂ ಬೇಡ.

ನಿರ್ಮಾಪಕರಿಗೆ ನಾಗವಲ್ಲಿಯ ಹೆಸರಿನಲ್ಲಿ ಹಣ ಹಾಕಲೇಬೇಕೆನಿಸಿದರೆ ಅದಕ್ಕೂ ದಾರಿ ಇದೆ. ‘ಮಣಿಚಿತ್ರತಾಳ್’ 2024ರ ಆಗಸ್ಟ್‌ನಲ್ಲಿ 4ಕೆ ಗುಣಮಟ್ಟದಲ್ಲಿ ಮತ್ತೆ ತೆರೆಕಂಡಿತು. ‘ಆಪ್ತಮಿತ್ರ’ದ ಮೂಲ ನೆಗೆಟಿವ್, ಗುರುಕಿರಣ್ ಅವರ ಧ್ವನಿಪಟ್ಟಿ ಎಲ್ಲವನ್ನೂ ಅಷ್ಟೇ ಶ್ರದ್ಧೆಯಿಂದ ಶುಚಿಗೊಳಿಸಿ, ಬೆಂಗಳೂರಿನ ಮಲ್ಟಿಪ್ಲೆಕ್ಸುಗಳ ಜೊತೆಗೆ ತಾಲ್ಲೂಕು ಕೇಂದ್ರದ ಟಾಕೀಸುಗಳಿಗೂ ಕಳಿಸಲಿ.