ಕೊನೆಯವನು ಗೆದ್ದ ವಿಡಿಯೋ

ಹತ್ತು ಜನರಿದ್ದ ನಮ್ಮ ಟೀಮು ಒಂದೇ ಶುಕ್ರವಾರದಲ್ಲಿ ನಾಲ್ಕಕ್ಕಿಳಿಯಿತು. ಉಳಿದವರಲ್ಲಿ ನಾನೂ ಒಬ್ಬ. ಎರಡು ವಾರ ಕಳೆದ ಮೇಲೆ ಲೀಡ್ ಕೂಡ ಆದೆ. ಅವತ್ತು ಯಾರೋ ನಮ್ಮ ಹಳೇ ಗ್ರೂಪಿಗೆ ಒಂದು ವಿಡಿಯೋ ಹಾಕಿ, ಕೆಳಗೆ ‘ಕಂಗ್ರಾಟ್ಸ್ ಲೀಡ್’ ಅಂತ ಬರೆದು ಹಲ್ಲು ಕಿರಿಯುವ ಇಮೋಜಿ ಅಂಟಿಸಿದ್ದರು.

ವಿಡಿಯೋ ನೀವೂ ನೋಡಿರ್ತೀರಿ. 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್, ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್, 1000 ಮೀಟರ್ ಫೈನಲ್. ಮಂಜುಗಡ್ಡೆಯ ಮೇಲೆ ಐದು ಜನ. ಕೊನೇ ತಿರುವಿನಲ್ಲಿ ಮುಂದಿದ್ದ ನಾಲ್ವರೂ ಬಿದ್ದು ಗೋಡೆಯ ಕಡೆ ಜಾರುತ್ತಾರೆ. ಹಿಂದೆಲ್ಲೋ ಇದ್ದ ಆಸ್ಟ್ರೇಲಿಯಾದ ಸ್ಟೀವನ್ ಬ್ರಾಡ್‌ಬರಿ ನೆಟ್ಟಗೆ ನಿಂತು ಗೆರೆ ದಾಟುತ್ತಾನೆ. ದಕ್ಷಿಣ ಗೋಳಾರ್ಧಕ್ಕೇ ಮೊದಲ ಚಳಿಗಾಲದ ಒಲಿಂಪಿಕ್ ಚಿನ್ನ ಅದು.

ರಜೆಯಲ್ಲಿ ಕುಮಟಾಕ್ಕೆ ಹೋದಾಗ ಮಾವನಿಗೆ ತೋರಿಸಿದೆ. ಮೂವತ್ತು ವರ್ಷ ಭಟ್ಕಳ, ಹೊನ್ನಾವರ, ಕುಮಟಾ ಅಂತ ಹೆದ್ದಾರಿಯಲ್ಲಿ ಟೆಂಪೋ ಓಡಿಸಿದವರು. ಎಲ್ಲರೂ ಬೀಳುವುದನ್ನು ನೋಡುತ್ತಾರೆ, ಅವರು ಅದಕ್ಕೂ ಮೊದಲಿನದನ್ನು ನೋಡಿದರು. ಎರಡು ಸಲ ಹಿಂದೆ ಹೋಗಿಸಿ, “ಅಂವ ಗ್ಯಾಪ್ ಇಟ್ಕಂಡಿದ್ದಾನೆ ತಮಾ” ಅಂದರು.

ಹೌದು, ಇಟ್ಟುಕೊಂಡೇ ಇದ್ದ. ಶಾರ್ಟ್ ಟ್ರ್ಯಾಕಿನ ಒಂದು ಸುತ್ತು ಬರೀ 111.12 ಮೀಟರ್. ಲಾಂಗ್ ಟ್ರ್ಯಾಕಿನಂತೆ ಇಬ್ಬಿಬ್ಬರಾಗಿ ಗಡಿಯಾರದ ಜೊತೆ ಓಡುವುದಲ್ಲ, ಗುಂಪಿನಲ್ಲಿ ಜಾಗಕ್ಕಾಗಿ ತಳ್ಳಾಟ. ಒಂದೇ ರಾತ್ರಿ ಕ್ವಾರ್ಟರ್, ಸೆಮಿ, ಫೈನಲ್. 28ರ ಬ್ರಾಡ್‌ಬರಿಗೆ ತನ್ನ ಕಾಲು ಉಳಿದವರಷ್ಟು ಓಡಲ್ಲ ಅಂತ ಗೊತ್ತಿತ್ತು. ಹಾಗಾಗಿ ಹಿಂದೆಯೇ ಇದ್ದು, ಮುಂದಿನವರು ಬಿದ್ದರೆ ನೋಡೋಣ ಅಂತ ಲೆಕ್ಕ ಹಾಕಿದ್ದ. ಸೆಮಿಯಲ್ಲೂ ಮುಂದಿನವರು ಬಿದ್ದೇ ಅವನು ಫೈನಲ್ ತಲುಪಿದ್ದು. 1994ರಲ್ಲಿ ಇನ್ನೊಬ್ಬನ ಬ್ಲೇಡು ತೊಡೆ ಸೀಳಿ 111 ಹೊಲಿಗೆ ಬಿದ್ದಿದ್ದವು (ಸುತ್ತಿನ ಮೀಟರ್ ಲೆಕ್ಕ ಇದೇ ಅಂಕಿ, ವಿಚಿತ್ರ). 2000ದಲ್ಲಿ ಕುತ್ತಿಗೆ ಮುರಿದಿತ್ತು. ಪದಕ ಆ ಒಂದೂವರೆ ನಿಮಿಷಕ್ಕಲ್ಲ, ಹಿಂದಿನ ಹತ್ತು ವರ್ಷದ ದುಡಿಮೆಗೆ ಅಂತ ಅವನೇ ಹೇಳಿದ್ದಾನೆ.

ಓಡಾಡುತ್ತಿರುವ ತುಣುಕಿನಲ್ಲಿ ಇದ್ಯಾವುದೂ ಇಲ್ಲ. ಕೊನೇ ಸುತ್ತಿನಿಂದ ಶುರುವಾಗುತ್ತದೆ, ಚಪ್ಪಾಳೆಗೆ ಮುಗಿಯುತ್ತದೆ. ಅದೃಷ್ಟದ ಜೋಕು ಮಾಡಬೇಕಾದರೆ ಅಷ್ಟೇ ಸಾಕು. ಮೋಟಿವೇಷನ್ ಭಾಷಣದವರದು ಇದರ ತದ್ವಿರುದ್ಧ ತಪ್ಪು: ಅವರು ತೊಡೆ, ಕುತ್ತಿಗೆ ಎಲ್ಲ ತೋರಿಸಿ, ‘ಕಷ್ಟಪಟ್ಟವನಿಗೆ ಫಲ’ ಅಂತ ಮುಗಿಸುತ್ತಾರೆ. ಬಿದ್ದ ನಾಲ್ವರು ಕಷ್ಟಪಟ್ಟಿರಲಿಲ್ಲವಾ?

ನನಗೆ ಹೆಚ್ಚು ಚುಚ್ಚಿದ್ದು ತುಣುಕು ಕತ್ತರಿಸಿದ ಇನ್ನೊಂದು ತುದಿ. ಚಪ್ಪಾಳೆ ಆದಮೇಲೂ ಕ್ಯಾಮೆರಾ ಓಡುತ್ತಿತ್ತು. ಅಮೆರಿಕದ ಅಪೋಲೋ ಓನೋ ಎದ್ದು, ತಡಬಡಾಯಿಸಿ ಗೆರೆ ದಾಟಿ ಬೆಳ್ಳಿ ಗೆದ್ದ. ಕೆನಡಾದ ಟರ್ಕಾಟ್‌ಗೆ ಕಂಚು. ಆ ಆಟದಲ್ಲಿ ಬಿದ್ದವನಿಗೂ ಗೆರೆ ದಾಟುವ ಅವಕಾಶ ಇದೆ. ಮೇಲಾಗಿ ಅವರು ಬಿದ್ದದ್ದು ತಮ್ಮ ತಮ್ಮ ಆತುರದಲ್ಲಿ, ಅಲ್ಲೇ, ಎಲ್ಲರ ಕಣ್ಣೆದುರು. ನಮ್ಮ ಆರು ಜನ ಬಿದ್ದವರಲ್ಲ. ಅವರನ್ನು ಟ್ರ್ಯಾಕಿನಿಂದ ಎತ್ತಿ ಹೊರಗಿಟ್ಟವರು ಓಟದಲ್ಲೇ ಇರಲಿಲ್ಲ. ನಾನೂ ಗ್ಯಾಪ್ ಇಟ್ಟುಕೊಂಡವನಲ್ಲ, ಪಟ್ಟಿಯಲ್ಲಿ ಹೆಸರಿರಲಿಲ್ಲ, ಅಷ್ಟೇ. ಹಾಗಾಗಿ ಆ ಹೋಲಿಕೆ ನನಗೂ ಒಪ್ಪಲ್ಲ, ಬ್ರಾಡ್‌ಬರಿಗೂ ಅನ್ಯಾಯ.

ಪಕ್ಕದ ಸೀಟಿನವ ಆ ಶುಕ್ರವಾರ ಊಟ ಮುಗಿಸಿ ಬರುವಷ್ಟರಲ್ಲಿ ಅವನ ಐಡಿ ಕಾರ್ಡಿಗೆ ಗೇಟು ತೆರೆಯಲಿಲ್ಲ. ಅವನ ನೀರಿನ ಬಾಟಲಿ, ಚಾರ್ಜರು ನಾನೇ ಕೆಳಗೆ ಒಯ್ದು ಕೊಟ್ಟೆ. ಗ್ರೂಪಿನಲ್ಲಿ ಆ ವಿಡಿಯೋಗೆ ಇನ್ನೂ ಏನೂ ಬರೆದಿಲ್ಲ. ಅವನೂ ಅದೇ ಗ್ರೂಪಿನಲ್ಲಿದ್ದಾನೆ.